ರಾಜಾನುಕುಂಟೆ ಗೇಟಿನಲ್ಲಿ ಹನ್ನೊಂದು ನಿಮಿಷ

ನನ್ನ ಭಾವ ಕದಿರಪ್ಪ ರಾಜಾನುಕುಂಟೆಯ ರೈಲ್ವೆ ಗೇಟ್ ಕಾಯುತ್ತಿದ್ದ. ಸ್ಟೇಷನ್ನಿನಿಂದ ಗಂಟೆ ಬಂದರೆ ಗೇಟು ಹಾಕುವುದು, ಮತ್ತೆ ಬಂದರೆ ತೆಗೆಯುವುದು. ಇಪ್ಪತ್ತೆರಡು ವರ್ಷ ಇಷ್ಟೇ. ಮದುವೆ ದಿಬ್ಬಣ ನಿಂತು ಮುಹೂರ್ತ ಮೀರಿದೆ, ಹೆರಿಗೆ ನೋವಿನ ಹೆಂಗಸು ಎತ್ತಿನ ಗಾಡಿಯಲ್ಲಿ ನರಳಿದ್ದಾಳೆ. ಇವನು ಮಾತ್ರ ಬೀಡಿ ಹಚ್ಚಿ ಹಳಿ ನೋಡುತ್ತಾ ನಿಂತಿರುತ್ತಿದ್ದ. "ಆಕಿದ್ಮೇಲೆ ಆಕ್ದಂಗೆ" ಎನ್ನುವನು. ಇಂಥವನ ಜೊತೆ ನನ್ನಕ್ಕ ನಾರಾಯಣಮ್ಮ ಹೇಗೆ ಬಾಳಿದಳೋ, ಆ ದೇವರಿಗೇ ಗೊತ್ತು.

ಅವರಿಗೆ ಒಬ್ಬನೇ ಮಗ, ಚನ್ನಕೇಶವ. ದಿನಾ ಬೆಳಿಗ್ಗೆ ಸೈಕಲ್ಲಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಯಲಹಂಕ ದಾಟಿ ಮಲ್ಲೇಶ್ವರಕ್ಕೆ ಹೋಗಿಬರುವನು. ಕ್ಯಾನು ತುಂಬಿದ್ದಾಗಲೂ ಬಸ್ಸನ್ನು ಹಿಂದೆ ಹಾಕುತ್ತಿದ್ದ ಎಂದರೆ ಆ ಕಾಲಿನ ಕಸುವು ಎಂಥದಿರಬೇಕು!

ಅರವತ್ತೊಂದರಲ್ಲಿ ಪೇಟೆಯ ಸೈಕಲ್ ವ್ಯಾಪಾರಿಗಳು ಸೇರಿ ಮೂರು ದಿನದ ರೇಸ್ ಇಟ್ಟರು. ಮೊದಲ ದಿನ ಮೈಸೂರು, ಎರಡನೆಯ ದಿನ ಅಲ್ಲಿಂದ ತುಮಕೂರು, ಮೂರನೆಯ ದಿನ ದೊಡ್ಡಬಳ್ಳಾಪುರದ ಮೇಲೆ ಹೆಬ್ಬಾಳ. ಮೂರೂ ದಿನದ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದ. ಗೆದ್ದವನಿಗೆ ಯಶವಂತಪುರದ ಗಿರಣಿಯೊಂದರಲ್ಲಿ ಕಾಯಂ ಕೆಲಸ, ಎರಡನೆಯವನಿಗೆ ಗೋಡೆ ಗಡಿಯಾರ. ಚನ್ನಕೇಶವನಿಗೆ ಬೇಕಿದ್ದದ್ದು ಕೆಲಸ.

ಎರಡು ದಿನ ಕಳೆದಾಗ ಅವನು ಎರಡನೆಯವನಾಗಿದ್ದ, ಮೊದಲಿನವನಿಗಿಂತ ಮೂರು ನಿಮಿಷ ಹಿಂದೆ. ಮೂರನೆಯ ದಿನ ದೊಡ್ಡಬಳ್ಳಾಪುರದಲ್ಲಿ ಎಲ್ಲರನ್ನೂ ಬಿಟ್ಟು ಒಬ್ಬನೇ ಹೊರಟ. ರೇಸಿಗಿಂತ ಮುಂದಾಗಿ ನಮ್ಮ ಗೇಟಿಗೆ ಬಂದ ಮೋಟಾರ್ ಸೈಕಲ್ಲಿನವನು, "ನಿಮ್ ಹುಡುಗ ಐದು ನಿಮಿಷ ಮುಂದಿದಾನೆ ಕಣ್ರೀ" ಎಂದು ಕೂಗಿ ಹೋದ. ಊರೆಲ್ಲ ಗೇಟಿನ ಹತ್ತಿರ ನೆರೆದಿತ್ತು. ಅಷ್ಟರಲ್ಲಿ ಗಂಟೆ ಬಂತು. ಭಾವ ಗೇಟು ಹಾಕಿ ಬೀಗ ಜಡಿದ.

ಮುಚ್ಚಿದ ಗೇಟಿನಡಿ ನುಸುಳಿದವನು ರೇಸಿನಿಂದ ಹೊರಗೆ ಎಂದು ಮೊದಲೇ ಸಾರಿದ್ದರು. ಕಾದ ಹೊತ್ತನ್ನು ಲೆಕ್ಕದಿಂದ ಬಿಡುವಂತೆಯೂ ಇರಲಿಲ್ಲ.

ಹುಡುಗ ಬಂದು ಗೇಟಿಗೆ ಕೈಯೂರಿ ನಿಂತ. "ಅಪ್ಪಾ, ತೆಗಿ."

"ಗಾಡಿ ಬತ್ತೈತೆ."

"ಎಲ್ ಬತ್ತೈತೆ? ಒಗೆನೇ ಕಾಣಲ್ಲ. ಅರ್ಧ ನಿಮಿಷ ಸಾಕು, ಓಗ್ಬುಡ್ತೀನಿ. ನೀನೇ ನೋಡು."

ನಿಜ, ಕಣ್ಣು ಹಾಯುವಷ್ಟು ದೂರ ಹಳಿ ಖಾಲಿ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. "ನಿನ್ ಮಗ ಅಲ್ವಾ ಭಾವ ಅವ್ನು!" ಎಂದೆ.

"ಗೊತ್ತೈತೆ" ಎಂದ. ಬೀಗದ ಕೈ ಅವನ ಮುಷ್ಟಿಯಲ್ಲೇ ಇತ್ತು.

ಅಕ್ಕ ಮಜ್ಜಿಗೆ ತಂದಳು, ಮಗ ಮುಟ್ಟಲಿಲ್ಲ. ಐದು ನಿಮಿಷಕ್ಕೆ ಹಿಂದಿನವರೆಲ್ಲ ಬಂದು ಕೂಡಿಕೊಂಡರು. ಮೊದಲ ಸ್ಥಾನದವನು ಮುಖ ಒರೆಸಿಕೊಂಡು ಆ ಮಜ್ಜಿಗೆಯನ್ನು ಕೇಳಿ ಕುಡಿದ. ಹನ್ನೊಂದನೆಯ ನಿಮಿಷಕ್ಕೆ ಗೇಟು ತೆಗೆಯುವ ಗಂಟೆ ಬಂತು. ರೈಲು ಬರಲಿಲ್ಲ. ಎಂಜಿನ್ನಿನ ತಕರಾರಿನಿಂದ ಗೂಡ್ಸ್ ಗಾಡಿ ಹಿಂದಿನ ಸ್ಟೇಷನ್ನಿನಿಂದ ಹೊರಟೇ ಇರಲಿಲ್ಲವಂತೆ. ಭಾವ ಬೀಗ ತೆಗೆದ. ಎಲ್ಲರೂ ಒಟ್ಟಿಗೆ ಹೊರಟರು, ಹೆಬ್ಬಾಳಕ್ಕೂ ಒಟ್ಟಿಗೇ ಮುಟ್ಟಿದರು. ಆ ಮೂರು ನಿಮಿಷ ಮೂರು ನಿಮಿಷವಾಗಿಯೇ ಉಳಿಯಿತು.

ಆ ಸಂಜೆ ಗಡಿಯಾರ ಮನೆಗೆ ಬಂತು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಒಳಗೆ ಏನೂ ಇದ್ದಂತಿರಲಿಲ್ಲ. ಅಕ್ಕ ಮುದ್ದೆ ಇಟ್ಟಳು. ಸಾರಿಗೆ ಉಪ್ಪು ಬಿದ್ದಿರಲಿಲ್ಲ, ನಾಲ್ಕೂ ಜನ ಉಂಡೆದ್ದೆವು.

ಮಾರನೆಯ ಬೆಳಿಗ್ಗೆ ಹುಡುಗ ಕ್ಯಾನು ಕಟ್ಟಿಕೊಂಡು ಹೊರಟಾಗ ಗೇಟು ಹಾಕಿತ್ತು. ಉಳಿದ ಹಾಲಿನವರು ಎಂದಿನಂತೆ ಸೈಕಲ್ ಬಗ್ಗಿಸಿ ನುಸುಳಿ ಹೋದರು. ಇವನು ಇಳಿದು ಕಾದ. ಪ್ಯಾಸೆಂಜರ್ ದಾಟಿತು, ಗಂಟೆಯೂ ಬಂತು. ಭಾವ ಮಾತ್ರ ಬೀಡಿ ಹಿಡಿದು ಹಳಿ ನೋಡುತ್ತಲೇ ಇದ್ದ.

"ಗೇಟ್ನೋರೇ, ಗಾಡಿ ಓಯ್ತು. ತೆಗೀರಿ."

ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದವನು. ಭಾವ ತಿರುಗಿ ನೋಡಿದ. ಬೀಗದ ಕಿಂಡಿ ಸಿಗದೆ ಎರಡು ಸಲ ತಡಕಾಡಿ, ಕೊನೆಗೆ ತೆಗೆದ.

ಅಲ್ಲಿಂದ ಏಳು ವರ್ಷ, ಭಾವ ರಿಟೈರ್ ಆಗಿ ಮನೆಯಲ್ಲಿ ಕೂತ ಮೇಲೂ, ಅವನನ್ನು ಯಾರೂ ಅಪ್ಪಾ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಜಗಲಿಯಲ್ಲಿ ಕೂತಿದ್ದರೆ ಚನ್ನಕೇಶವ ಬಂದು, "ಊಟಕ್ ಏಳಿ, ಗೇಟ್ನೋರೇ" ಎನ್ನುವನು. ಭಾವ ಎದ್ದು ಹೋಗುವನು.