ಚಿಕ್ಕಮಲ್ಲಪ್ಪನ ವೀಡಿಯೊ ಕಾಲ್

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು ಸೀರೆ ಅಂಗಡಿ ಇಟ್ಟಿರುವ ಚಿಕ್ಕಮಲ್ಲಪ್ಪನನ್ನು ವೀಡಿಯೊ ಕಾಲ್ ಬಂದ ಮೇಲೆ ಹಿಡಿಯುವವರಿಲ್ಲ. ತೆರಕಣಾಂಬಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಬಣ್ಣ ಸರಿಯಾಗಿ ಕಾಣುತ್ತಿಲ್ಲ ಎಂದರೆ ಸಾಕು, "ತಾಳು ಕಣಮ್ಮಿ, ಬಿಸ್ಲಲ್ಲಿ ತೋರುಸ್ಬುಡ್ತೀನಿ" ಎಂದು ಸೀರೆ ಹಿಡಿದು ರಸ್ತೆಗೆ ಓಡುತ್ತಾನೆ. ಸೆರಗು ಹೇಗೆ ಕೂರುತ್ತದೆಂದು ಕೇಳಿದರೆ ತನ್ನ ಹೆಗಲಿಗೇ ಹೊದ್ದು ಗಿರ್ರನೆ ತಿರುಗುತ್ತಾನೆ, ಊಟಿ ಬಸ್ಸಿನವರು ಕಿಟಕಿಯಿಂದಲೇ ಚಪ್ಪಾಳೆ ತಟ್ಟುತ್ತಾರೆ. ಮಧ್ಯಾಹ್ನ ಮೈಸೂರಿನಿಂದ ಮಗಳು ಸುಧಾಮಣಿಯ ಕರೆ ಬಂದಾಗ ಮಾತ್ರ ಅಂಗಡಿ ಗಪ್‌ಚಿಪ್ಪಾಗುತ್ತದೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಮೊದಲೆಲ್ಲ ಅವಳು ಓದುತ್ತಿದ್ದ ಹಾಸ್ಟೆಲಿಗೆ ಫೋನ್ ಮಾಡಿ, "ನಮ್ ಸುಧಾ ಉಂಡ್ಲಾ ಮೇಡಮ್ಮೋರೆ?" ಎಂದು ವಾರ್ಡನ್ನರನ್ನು ಕೇಳಿ ಇಟ್ಟುಬಿಡುತ್ತಿದ್ದ. ಈಗ ಅಪ್ಪ ಮಗಳು ಕೈಸನ್ನೆಯಲ್ಲೇ ಹರಟುತ್ತಾರೆ, ಜಗಳವನ್ನೂ ಆಡುತ್ತಾರೆ. ಮೊನ್ನೆ ಅವಳು ಕಿವುಡ ಮಕ್ಕಳ ಶಾಲೆಗೆ ಟೀಚರಾಗಿ ಸೇರಿ, ಮೊದಲ ಪಾಠ ಮುಗಿಸಿ ಬಂದು ಸುದ್ದಿ ಹೇಳಿದಳು. ಉತ್ತರ ಕೊಡಲು ಎರಡೂ ಕೈ ಬೇಕೆಂದು ಚಿಕ್ಕಮಲ್ಲಪ್ಪ ಫೋನನ್ನು ಗಿರಾಕಿಯೊಬ್ಬಳ ಕೈಗೆ ಕೊಟ್ಟ. "ಏನಂದ್ಲಣ್ಣಾ ಮಗ್ಳು?" ಎಂದು ಆಕೆ ಕೇಳಿದಾಗ ಸಂಭ್ರಮದಲ್ಲಿ ಅವಳಿಗೂ ಕೈಯಲ್ಲೇ ಹೇಳತೊಡಗಿದ: ಬೋರ್ಡಿನ ಮೇಲೆ ಬರೆಯುವಂತೆ ಗಾಳಿಯಲ್ಲಿ ಬರೆದು, ಮುಂದೆ ಕುಳಿತ ಪುಟ್ಟ ಪುಟ್ಟ ತಲೆಗಳನ್ನು ತೋರಿಸಿ, ತನ್ನ ಎದೆಯನ್ನು ತಟ್ಟಿಕೊಂಡ.