ಕೌದಿಯೊಳಗೆ ಕರೆದದ್ದು

ನನ್ನ ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯಿತು. ಕಲಿತದ್ದು ಕಡಿಮೆ, ಮರೆತದ್ದು ಹೆಚ್ಚು. ಹಾಗಾಗಿ ಮೈಯೊಳಗೆ ಏನನ್ನೂ ಮರೆಯದ ಜೀವಕೋಶಗಳಿವೆ ಎಂದು ಕೇಳಿದಾಗ ಮೊದಲು ನಗು ಬಂತು, ಆಮೇಲೆ ಹೆದರಿಕೆ. ನನ್ನ ತಮ್ಮ ಬಸುವಿನ ಮೈಯಲ್ಲಿ ಅಂಥ ನೆನಪನ್ನು ಇಟ್ಟವಳು ನಾನೇ.

ತೊಂಬತ್ತರ ದಶಕದ ಆರಂಭ. ಮನೋಳಿಯ ಮನೆಯಲ್ಲಿ ನನಗೆ ಅಮ್ಮ ಬಂದಿದ್ದಳು. ಅದಕ್ಕೆ ಡಾಕ್ಟರು ಚಿಕನ್‌ಪಾಕ್ಸ್ ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿ, ನನ್ನನ್ನು ಮೂಲೆಯ ಕೋಣೆಗೆ ಹಾಕಿದರು. ಬಸುಗೆ ಹದಿನೈದು ದಿನಕ್ಕೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಪಾಸಾದರೆ ಅವನು ಊರು ಬಿಡುತ್ತಾನೆ, ನಾನು ಸಗಣಿ ಬಾಚುತ್ತ ಉಳಿಯುತ್ತೇನೆ.

"ಕೌದಿಯೊಳಗ ಬಾರೋ, ಕತಿ ಹೇಳ್ತೇನಿ" ಎಂದು ಹೊದಿಕೆ ಎತ್ತಿ ಕರೆದೆ. ಪಾಪ, ಬಂದ. ಮೂರು ಕತೆ ಹೇಳಿ, ಬೇಕೆಂದೇ ಅವನ ಮುಖಕ್ಕೆ ಉಸಿರು ಬಿಟ್ಟೆ. ಪರೀಕ್ಷೆಯ ದಿನ ಅವನ ಮೈತುಂಬ ಗುಳ್ಳೆ. ಕೋಣೆಗೆ ಯಾಕೆ ಹೋಗಿದ್ದೆ ಎಂದು ಅವ್ವ ಅವನನ್ನೇ ಬೈದಳು. ಕರೆದವಳು ನಾನೇ ಎಂದು ನಾನು ಹೇಳಲಿಲ್ಲ.

ಅವನು ಊರಲ್ಲೇ ಓದಿ ಸವದತ್ತಿಯಲ್ಲಿ ವಿಜ್ಞಾನದ ಮಾಸ್ತರನಾದ. ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಪ್ರತಿ ಪಂಚಮಿಗೆ ಅವನು ಕರೆಯಲು ಬಂದಾಗ ಉಂಡಿ ತಿನ್ನಿಸಿ ಪಾಪ ತೀರಿಸಲು ನೋಡಿದೆ. ಅವನು ದಪ್ಪಗಾದ, ಪಾಪ ಸಣ್ಣಗಾಗಲಿಲ್ಲ.

ಹದಿನೈದು ವರ್ಷದ ಮೇಲೆ ಒಂದು ಬೇಸಿಗೆ, ನನ್ನ ಮಗಳಿಗೆ ಅದೇ ಗುಳ್ಳೆ. ನೋಡಲು ಬಂದ ಬಸುವನ್ನು ಹೊಸ್ತಿಲಲ್ಲೇ ತಡೆದೆ.

"ಒಳಗ ಬರಬ್ಯಾಡೋ, ಅಮ್ಮ ಬಂದಾಳ."

"ಬರ್ಲಿ ಬಿಡಕ್ಕಾ, ನಮ್ಮದು ಹಳೇ ಪರಿಚಯ!"

ಒಳಗೆ ಬಂದವನು ಮಗಳ ಪಕ್ಕ ಕೂತು ಪಾಠವನ್ನೇ ಶುರುಮಾಡಿದ. "ನವಿಲುತೀರ್ಥ ಡ್ಯಾಮಿನಾಗ ಗೇಟ ಎತ್ತೂ ಮುಂದ ಭೋಂಗಾ ಊದತಾರಲ್ಲ, ಹಂಗ." ರೋಗಾಣು ಎರಡನೆಯ ಸಲ ಹೊಕ್ಕಾಗ ಮೊದಲು ಎದುರಾದ ಕಾವಲು ಕೋಶಗಳು ಸೈಟೊಕೈನ್ ಎಂಬ ಸಂದೇಶದ ಕಣಗಳನ್ನು ಬಿಡುತ್ತವೆಯಂತೆ, ಅದೇ ಭೋಂಗಾ, ಎಚ್ಚರಿಕೆಯ ಸೈರನ್. ಹೊಸ ಕೋಶಗಳಿಗೆ ಸಂಗತಿ ತಿಳಿದು ಸಜ್ಜಾಗಲು ದಿನಗಟ್ಟಲೆ ಬೇಕು. ಹಳೆಯ ರೋಗವನ್ನು ನೆನಪಿಟ್ಟು ಸುಮ್ಮನಿರುವ ಟಿ ಕೋಶಗಳು ಹಾಗಲ್ಲ. ಒಮ್ಮೆ ಹೊಳೆ ಏರಿದ್ದನ್ನು ಕಂಡ ದಂಡೆಯ ಜನರಂತೆ, ಭೋಂಗಾ ಕೇಳಿದೊಡನೆ, ನೀರು ಕಣ್ಣಿಗೆ ಬೀಳುವ ಮೊದಲೇ ಎದ್ದು ನಿಲ್ಲುತ್ತವೆ.

"ಅವತ್ತ ನಾನ ಹುಚ್ಚರಂಗ ಹಚ್ಕೊಂಡಿದ್ದು ಇವತ್ತ ಕೆಲಸಕ್ಕ ಬಂತ ನೋಡಕ್ಕಾ" ಎಂದು ನಕ್ಕ.

ಇನ್ನು ತಡೆಯಲಾಗಲಿಲ್ಲ. "ನೀ ಹಚ್ಕೊಳ್ಳಿಲ್ಲೋ ಬಸೂ. ನಾನ ಬೇಕಂತ ಹಚ್ಚಿದೆ. ನೀ ಊರ ಬಿಟ್ಟ ಹೋಗಬಾರದಂತ."

ಅವನ ನಗು ನಿಂತಿತು. "ಖರೇನ?"

"ಖರೇ."

"ನಂದ ತಪ್ಪಂತ ಆರ ತಿಂಗಳ ಅತ್ತೇನಿ ಅಕ್ಕಾ" ಎಂದವನು ಮಗಳಿಗೆ ಬೇವಿನ ಸೊಪ್ಪಿನಿಂದ ಗಾಳಿ ಹಾಕತೊಡಗಿದ.

ಎರಡು ದಿನ ಅವಳ ಸೇವೆಯನ್ನೆಲ್ಲ ಅವನೇ ಮಾಡಿದ, ನನ್ನೊಡನೆ ಮಾತಿಲ್ಲ. "ನಿಮ್ಮವ್ವಗ ಹೇಳವಾ, ಗಂಜಿ ತರಬೇಕಂತ" ಎನ್ನುವನು; ನಾನು ಅಲ್ಲೇ ಎದುರಿಗಿದ್ದೆ. ಮೂರನೆಯ ಮುಂಜಾನೆ ಚಹಾದ ಕಪ್ಪು ಕೆಳಗಿಟ್ಟು ನನ್ನತ್ತಲೇ ತಿರುಗಿದ. "ಅಕ್ಕಾ, ಚಾದಾಗ ಸಕ್ಕರಿನ ಇಲ್ಲಲ್ಲ!"

ಹದಿನೈದು ವರ್ಷ ನಾನು ಅಂಜಿದ್ದ ಸಿಟ್ಟಿನ ಆಯುಷ್ಯ ಬರೀ ಎರಡು ದಿನ. ಸಕ್ಕರೆ ಡಬ್ಬಿಯನ್ನೇ ಅವನ ಮುಂದಿಟ್ಟೆ.