ಬೆನ್ನಿನ ಅಳತೆ

ಯರಗುಪ್ಪಿಯಲ್ಲಿ ನಾನು ಕುಪ್ಪಸ ಹೊಲಿಯದ ಮನೆ ಕಡಿಮೆ. ಆದರೂ ಇಲ್ಲಿ ಮೈಗೆ ಟೇಪು ಹಿಡಿಸಿಕೊಳ್ಳುವ ರೂಢಿಯಿಲ್ಲ. ಅಳತೆಗೆಂದು ಹಳೆಯ ಕುಪ್ಪಸವೊಂದನ್ನು ಬಾಗಿಲಲ್ಲೇ ಕೊಟ್ಟು ಹೋಗುತ್ತಾರೆ. ಹತ್ತು ವರ್ಷದಲ್ಲಿ ಮೈ ದುಪ್ಪಟ್ಟಾಗಿದ್ದರೂ ಅದೇ ಕುಪ್ಪಸ. ಹೊಸದು ಬಿಗಿಯಾದರೆ ಬೈಗುಳ ನನಗೆ.

ಕಳೆದ ವರ್ಷ ಫೋನಿನಲ್ಲಿ ಯಾವುದೋ ಫ್ಯಾಷನ್ ಶೋದ ಕೋಟು ಕಂಡಿತು. ಕಣ್ಣಿಗೆ ಹೊಡೆಯುವ ಹಳದಿ, ಅದರ ಮೇಲೆ ಕಪ್ಪು ತ್ರಿಕೋನ, ಕೆಂಪು ಚೌಕ. ಭುಜ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೇರ. ನನಗದು ಬೇಕೇಬೇಕು ಅನಿಸಿತು. ಹಾಕಿಕೊಂಡು ಎಲ್ಲಿಗೆ ಹೋಗುತ್ತೀ ಎಂದು ಕೇಳುವವರೂ ಮನೆಯಲ್ಲಿರಲಿಲ್ಲ. ಮದುವೆ ನಾನು ಆಗಲಿಲ್ಲ, ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಹುಬ್ಬಳ್ಳಿಗೆ ಹೋಗಿ ಅಂಥದೇ ಬಟ್ಟೆ ತಂದೆ.

ಅಂಥ ಅಚ್ಚಿನ ಬಟ್ಟೆ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ. ಬೆನ್ನಿನ ನಡುಹೊಲಿಗೆಯಲ್ಲಿ ತ್ರಿಕೋನದ ತುದಿಗೆ ತುದಿ ಕೂಡಬೇಕು. ಭುಜದ ಅಳತೆ ಅರ್ಧ ಇಂಚು ತಪ್ಪಿದರೂ ಇಡೀ ಬೆನ್ನು ಸೊಟ್ಟ. ಕತ್ತರಿ ಹಾಕುವ ಮೊದಲು ಹಳೆಯ ಚಾದರದಲ್ಲಿ ಹೊಲಿದು ನೋಡಿದೆ. ಮೂರು ಸಲವೂ ಒಂದು ಭುಜ ಜಾರಿತು. ಕನ್ನಡಿಯ ಮುಂದೆ ಮೈ ತಿರುಚಿ, ಟೇಪನ್ನು ಹಲ್ಲಲ್ಲಿ ಕಚ್ಚಿ, ಎಲ್ಲ ಸರ್ಕಸ್ಸೂ ಮಾಡಿದೆ. ನನ್ನ ಬೆನ್ನಿನ ಅಳತೆ ನನಗೇ ಸಿಗಲಿಲ್ಲ. ಅದಕ್ಕೆ ಇನ್ನೊಬ್ಬರ ಕೈ ಬೇಕು. ಯಾರನ್ನಾದರೂ ಕರೆಯಲು ಅಭಿಮಾನ ಅಡ್ಡ ಬಂತು. ನನ್ನ ನಾಲಿಗೆಯೂ ಸಾಮಾನ್ಯದ್ದಲ್ಲ, ಬೇಕಾದಷ್ಟು ಜನರ ಮನಸ್ಸು ನೋಯಿಸಿದ್ದೆ. ಬಟ್ಟೆ ಮಡಚಿಟ್ಟು ಅತ್ತುಬಿಟ್ಟೆ.

ಒಂದು ಮಧ್ಯಾಹ್ನ, ಮೆಣಸಿನಕಾಯಿ ಬಿಡಿಸುವ ಕೂಲಿ ಮುಗಿಸಿಕೊಂಡು ಒಬ್ಬಾಕೆ ಹರಿದ ಕುಪ್ಪಸ ತಂದಳು. ಮುಖಪರಿಚಯವಷ್ಟೇ. ನಾಚಿಕೆ ಬಿಟ್ಟು ಅವಳನ್ನೇ ಕೇಳಿದೆ.

"ನನಗ ಅಂಕಿ ಓದಾಕ ಬರೂದಿಲ್ರಿ ಅಕ್ಕಾರ. ಕೈ ಬ್ಯಾರೆ ಖಾರ ಆಗ್ಯಾವು."

"ಓದಾಕ ನಾ ಅದೀನಿ. ನೀ ಈ ಹೆಗಲಿಂದ ಆ ಹೆಗಲ ತನಕ ಟೇಪ್ ಹಿಡಿ. ಎಲುಬು ಮುಗದಲ್ಲೆ ಹೆಬ್ಬಟ್ಟು ಒತ್ತು."

ಅವಳು ಹಿಂದೆ ನಿಂತಳು. ಎಡಭುಜದ ಮೇಲೆ ಅಂಗೈ ಊರಿ, ಇನ್ನೊಂದು ಕೈಯಿಂದ ಟೇಪನ್ನು ಸವರುತ್ತ ನಿಧಾನ ಸರಿದಳು. ಕುತ್ತಿಗೆ ಚುರುಗುಟ್ಟಿತು. ಅವ್ವನನ್ನು ಮಣ್ಣಿಗಿಟ್ಟ ದಿನ ಯಾರೋ ನನ್ನನ್ನು ಹಿಡಿದು ಕೂರಿಸಿದ್ದರು. ಅದಾದ ಮೇಲೆ ನನ್ನನ್ನು ಮುಟ್ಟಿದವಳು ಇವಳೇ.

ಹೆಬ್ಬೆರಳು ಸಡಿಲಿಸದೆ ಟೇಪನ್ನು ನನ್ನ ಮುಂದೆ ಹಿಡಿದಳು. ಹದಿನಾಲ್ಕೂವರೆ. ಅಂಕಿ ಸ್ಪಷ್ಟವಾಗಿತ್ತು.

"ಬರೋಬರಿ ಬಂತೇನ್ರಿ?"

"ಇಲ್ಲವ್ವಾ," ಎಂದೆ. "ಇನ್ನೊಮ್ಮೆ ಹಿಡಿ."